ಕಾಯಬಲ್ಲ ಮಾಹಿತಿ, ಕಾಯಲಾರದ ಮಾಹಿತಿ: ದಕ್ಷಿಣ ಧ್ರುವದ ಉಪಗ್ರಹ ಸಂಪರ್ಕದ ಒಂದು ಅಧ್ಯಯನ

ಜನವಸತಿಯಿಂದ ದೂರದಲ್ಲಿ ಕೆಲಸ ಮಾಡುವ ತಂಡಗಳಿಗೆ ಉಪಗ್ರಹದ ಮೂಲಕ ದೂರವಾಣಿ ಮತ್ತು ಅಂತರಜಾಲ ಒದಗಿಸುವ ಯೋಜನೆಗಳಲ್ಲಿ ಮೊದಲು ಕೇಳಲಾಗುವ ಪ್ರಶ್ನೆ ಸಾಮಾನ್ಯವಾಗಿ ವೇಗದ್ದು, ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ದೊರೆಯುತ್ತದೆ ಎಂಬುದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ತಂಡಕ್ಕೆ ಬೇಕಾದ ಮಾಹಿತಿಯಲ್ಲಿ ಯಾವುದು ಕಾಯಬಲ್ಲದು, ಯಾವುದು ಕಾಯಲಾರದು? ಈ ಭೇದ ಅತ್ಯಂತ ಸ್ಪಷ್ಟವಾಗಿ ಕಾಣಸಿಗುವ ಸ್ಥಳವೆಂದರೆ, ಭೌಗೋಳಿಕ ದಕ್ಷಿಣ ಧ್ರುವದಲ್ಲಿರುವ ಅಮೆರಿಕದ ಅಮುಂಡ್ಸೆನ್–ಸ್ಕಾಟ್ ನಿಲ್ದಾಣ. ಅಲ್ಲಿ 1957ರಿಂದ ಸಂಶೋಧಕರು ವರ್ಷವಿಡೀ ನೆಲೆಸಿದ್ದು, ಫೆಬ್ರವರಿ ಮಧ್ಯಭಾಗದಿಂದ ಅಕ್ಟೋಬರ್ ಕೊನೆಯವರೆಗೆ ನಿಯಮಿತ ವಿಮಾನ ಸಂಚಾರ ನಿಂತುಹೋಗುವುದರಿಂದ, ಚಳಿಗಾಲದ ತಂಡಕ್ಕೆ ಹೊರಲೋಕದೊಡನೆ ಉಳಿಯುವ ನಂಟು ಬಹುಮಟ್ಟಿಗೆ ಆಕಾಶದ ಮೂಲಕವೇ.

ಆ ನಂಟಿಗಿರುವ ತೊಡಕಿನ ಮೂಲ ಭೂಮಿಯ ಆಕಾರದಲ್ಲಿದೆ. ದೂರಸಂಪರ್ಕಕ್ಕೆ ಹೆಚ್ಚಾಗಿ ಬಳಕೆಯಾಗುತ್ತ ಬಂದಿರುವ ಭೂಸ್ಥಿರ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಭೂಮಿಯ ಆವರ್ತನೆಗೆ ಸಮನಾಗಿ ಸುತ್ತುವುದರಿಂದ ನೆಲದಲ್ಲಿರುವವರಿಗೆ ಆಕಾಶದ ಒಂದೇ ಬಿಂದುವಿನಲ್ಲಿ ನಿಂತಂತೆ ಕಾಣುತ್ತವೆ. ಆದರೆ ಸುಮಾರು 81 ಡಿಗ್ರಿ ಅಕ್ಷಾಂಶವನ್ನು ದಾಟಿದ ಮೇಲೆ ಅವು ದಿಗಂತದ ಕೆಳಗೆ ಮರೆಯಾಗುತ್ತವೆ. ಭಾರತದ ಭಾರತಿ ಮತ್ತು ಮೈತ್ರಿ ನಿಲ್ದಾಣಗಳು 70 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ, ಅಲ್ಲಿ ಆಂಟೆನಾವನ್ನು ದಿಗಂತದಿಂದ ಹನ್ನೊಂದು–ಹನ್ನೆರಡು ಡಿಗ್ರಿಯಷ್ಟೇ ಮೇಲಕ್ಕೆ ವಾಲಿಸಿ ಭೂಸ್ಥಿರ ಉಪಗ್ರಹವನ್ನು ಹಿಡಿಯಬಹುದು. ಧ್ರುವದಲ್ಲಿ ಅದಕ್ಕೂ ಅವಕಾಶವಿಲ್ಲ.

ಈ ಕೊರತೆಗೆ ದೊರೆತ ಪರಿಹಾರ ವಯಸ್ಸಾದ ಉಪಗ್ರಹಗಳಿಂದ ಬಂತು ಎಂಬುದು ಗಮನಾರ್ಹ. ಚಂದ್ರ ಮತ್ತು ಸೂರ್ಯರ ಗುರುತ್ವಾಕರ್ಷಣೆಯು ಭೂಸ್ಥಿರ ಉಪಗ್ರಹದ ಕಕ್ಷೆಯನ್ನು ವರ್ಷಕ್ಕೆ ಹೆಚ್ಚುಕಡಿಮೆ 0.8 ಡಿಗ್ರಿಯಷ್ಟು ವಾಲಿಸುತ್ತ ಹೋಗುತ್ತದೆ. ಇದನ್ನು ಸರಿಪಡಿಸಲು ನಿಯಂತ್ರಣ ಕೇಂದ್ರಗಳು ಉಪಗ್ರಹದ ಇಂಧನವನ್ನು ಮತ್ತೆ ಮತ್ತೆ ಉರಿಸಬೇಕಾಗುತ್ತದೆ. ಭಾರತದ ಭೂಸ್ಥಿರ ಉಪಗ್ರಹಗಳಿಗಾಗಿ ಈ ಕೆಲಸವನ್ನು ಹಾಸನದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ 1980ರ ದಶಕದಿಂದ ಮಾಡುತ್ತ ಬಂದಿದೆ. ಇಂಧನ ಉಳಿಸಲೆಂದು ಈ ತಿದ್ದುಪಡಿಯನ್ನು ನಿಲ್ಲಿಸಿದಾಗ ಉಪಗ್ರಹವು ಪ್ರತಿದಿನ ಸಮಭಾಜಕದ ಉತ್ತರಕ್ಕೂ ದಕ್ಷಿಣಕ್ಕೂ ಓಲಾಡತೊಡಗುತ್ತದೆ, ಮತ್ತು ಆ ಓಲಾಟ ಸುಮಾರು 8.7 ಡಿಗ್ರಿಯನ್ನು ಮೀರಿದಾಗ ದಿನದ ಕೆಲವು ಗಂಟೆ ಅದು ಧ್ರುವದ ದಿಗಂತದ ಮೇಲೆ ಬರುತ್ತದೆ. 15 ಡಿಗ್ರಿ ವಾಲಿದ ಕಕ್ಷೆಯಲ್ಲೂ ಅದು ಏರುವುದು ಆರು ಡಿಗ್ರಿಯಷ್ಟು ಮಾತ್ರ. 1978ರಲ್ಲಿ ಹವಾಮಾನ ವೀಕ್ಷಣೆಗೆಂದು ಹಾರಿಸಿದ ಗೋಸ್–3 ತನ್ನ ಮೂಲ ಕೆಲಸ ಮುಗಿಸಿದ ಬಳಿಕ 2016ರವರೆಗೆ ಧ್ರುವದ ಸಂಪರ್ಕಕ್ಕೆ ದುಡಿದದ್ದು ಹೀಗೆ. ನಾಸಾದ ಮೊದಲ ಟಿಡಿಆರ್‌ಎಸ್ ಉಪಗ್ರಹವೂ ತನ್ನ ಕೊನೆಯ ದಶಕದಲ್ಲಿ ಇದೇ ಸೇವೆ ಸಲ್ಲಿಸಿತು. ಈ ಗೋಚರ ಅವಧಿಗೆ ಗಡಿಯಾರದ ನಿಷ್ಠೆಯೂ ಇಲ್ಲ. ಭೂಮಿಯ ನಾಕ್ಷತ್ರಿಕ ದಿನ 24 ಗಂಟೆಗಿಂತ ಸುಮಾರು ನಾಲ್ಕು ನಿಮಿಷ ಕಡಿಮೆಯಾದ್ದರಿಂದ ಉಪಗ್ರಹವು ದಿನದಿನಕ್ಕೆ ಅಷ್ಟು ಬೇಗ ಉದಯಿಸುತ್ತದೆ, ತಿಂಗಳಲ್ಲಿ ಎರಡು ಗಂಟೆಯ ವ್ಯತ್ಯಾಸವಾಗುತ್ತದೆ, ತಂಡದ ನಿದ್ದೆಯ ಹೊತ್ತೂ ಕೆಲಸದ ಹೊತ್ತೂ ಅದರೊಂದಿಗೆ ಹೊಂದಿಕೊಳ್ಳಬೇಕಾಗುತ್ತದೆ.

ಮಾತು ಮತ್ತು ದತ್ತಾಂಶಗಳು ಇಂತಹ ಕೊಂಡಿಯ ಮೇಲೆ ಬೇರೆಬೇರೆ ರೀತಿಯಲ್ಲಿ ಬಳಲುತ್ತವೆ. ಭೂಸ್ಥಿರ ಎತ್ತರಕ್ಕೆ ಹೋಗಿ ಇಳಿಯಲು ರೇಡಿಯೋ ಸಂಕೇತಕ್ಕೆ ಕಾಲು ಸೆಕೆಂಡು ಬೇಕು. ಆದ್ದರಿಂದ ಪ್ರಶ್ನೆಗೂ ಉತ್ತರಕ್ಕೂ ನಡುವೆ ಅರ್ಧ ಸೆಕೆಂಡಿಗೂ ಮಿಕ್ಕ ಮೌನ ಬೀಳುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಏಕಮುಖ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಮಾತುಕತೆ ಸಹಜವಾಗಿರುತ್ತದೆ, 400 ದಾಟಬಾರದು. ದತ್ತಾಂಶಕ್ಕೆ ಅದೇ ವಿಳಂಬ ಬೇರೆ ಬಗೆಯ ಪೆಟ್ಟು ಕೊಡುತ್ತದೆ. ಕಳುಹಿಸಿದ ಭಾಗ ತಲುಪಿತೆಂಬ ಸ್ವೀಕೃತಿಗಾಗಿ ಕಾದು ಮುಂದುವರಿಯುವ ಟಿಸಿಪಿ ನಿಯಮಾವಳಿಯು ಮೂಲರೂಪದಲ್ಲಿ ಒಮ್ಮೆಗೆ 64 ಕಿಲೋಬೈಟ್‌ಗಿಂತ ಹೆಚ್ಚು ಮಾಹಿತಿಯನ್ನು ಹಾದಿಯಲ್ಲಿ ಬಿಡುವಂತಿರಲಿಲ್ಲ, 0.55 ಸೆಕೆಂಡಿನ ಹೋಗಿಬರುವ ವಿಳಂಬದಲ್ಲಿ ಅದರ ಗರಿಷ್ಠ ವೇಗ ಸೆಕೆಂಡಿಗೆ ಒಂದು ಮೆಗಾಬಿಟ್ಟನ್ನೂ ಮುಟ್ಟದು, ಕೊಂಡಿಯ ಸಾಮರ್ಥ್ಯ ಎಷ್ಟೇ ಇರಲಿ. ಈ ಮಿತಿಯನ್ನು ಹಿಗ್ಗಿಸುವ ವಿಧಾನ 1992ರಲ್ಲೇ ಬಂದಿದ್ದರೂ, ದುಬಾರಿ ಸಾಮರ್ಥ್ಯವನ್ನು ಕೊಂಡು ನಿಯಮಾವಳಿಯ ಹೊಂದಾಣಿಕೆಯನ್ನು ಮರೆಯುವುದು ತಪ್ಪಿಸಬೇಕಾದ ಲೋಪ.

ಇರಿಡಿಯಂ ಎಂಬ ಉಪಗ್ರಹ ದೂರವಾಣಿ ಜಾಲದ ಸ್ವರೂಪ ಭೂಸ್ಥಿರ ಉಪಗ್ರಹಗಳಿಗೆ ತದ್ವಿರುದ್ಧ. ಅದರ 66 ಉಪಗ್ರಹಗಳು ಸುಮಾರು 780 ಕಿ.ಮೀ. ಎತ್ತರದಲ್ಲಿ ಬಹುತೇಕ ಧ್ರುವದಿಂದ ಧ್ರುವಕ್ಕೆ ಸುತ್ತುವುದರಿಂದ, ಎಲ್ಲ ಕಕ್ಷೆಗಳೂ ಧ್ರುವಗಳ ಬಳಿಯೇ ಒತ್ತಾಗಿ ಸೇರುತ್ತವೆ. ಭೂಸ್ಥಿರ ಉಪಗ್ರಹಕ್ಕೆ ಎಟುಕದ ಜಾಗವೇ ಇರಿಡಿಯಂ ಅತಿ ದಟ್ಟವಾಗಿರುವ ಜಾಗ. ಮೂಲ ಜಾಲದಲ್ಲಿ ಒಂದು ಕರೆಗೆ ಸಿಗುತ್ತಿದ್ದದ್ದು ಸೆಕೆಂಡಿಗೆ 2.4 ಕಿಲೋಬಿಟ್ ಮಾತ್ರವಾದರೂ, ಹಗಲುರಾತ್ರಿ ಯಾವ ಹೊತ್ತಿನಲ್ಲೂ ಅದು ಸಿಗುತ್ತಿತ್ತು.

1999ರ ಚಳಿಗಾಲದಲ್ಲಿ ನಿಲ್ದಾಣದ ವೈದ್ಯೆ ಜೆರಿ ನೀಲ್ಸನ್ ತಮ್ಮ ಸ್ತನದಲ್ಲಿ ಗಂಟನ್ನು ಪತ್ತೆಹಚ್ಚಿದಾಗ, ವೈದ್ಯರಲ್ಲದ ಸಹೋದ್ಯೋಗಿಗಳ ನೆರವಿನಿಂದ ಅಂಗಾಂಶದ ಮಾದರಿ ತೆಗೆದು, ಅದರ ಚಿತ್ರಗಳನ್ನು ಉಪಗ್ರಹದ ಮೂಲಕ ಅಮೆರಿಕಕ್ಕೆ ಕಳುಹಿಸಲಾಯಿತು; ಔಷಧಿಗಳನ್ನು ವಿಮಾನದಿಂದ ಇಳಿಬಿಡಲಾಯಿತು; ಅಮೆರಿಕದ ತಜ್ಞರ ಸಲಹೆಯಂತೆ ಅವರು ಚಿಕಿತ್ಸೆ ನಡೆಸಿಕೊಂಡು ಅಕ್ಟೋಬರ್‌ನಲ್ಲಿ ಹೊರಬಂದರು. ಚಿತ್ರಗಳು ಉಪಗ್ರಹ ಉದಯಿಸುವವರೆಗೆ ಕಾಯಬಹುದಿತ್ತು. ಹೃದಯಾಘಾತವಾಗಿದ್ದರೆ ಸಲಹೆ ಕಾಯುತ್ತಿರಲಿಲ್ಲ.

ಅದೇ ಧ್ರುವದಲ್ಲಿರುವ ಐಸ್‌ಕ್ಯೂಬ್ ನ್ಯೂಟ್ರಿನೋ ವೀಕ್ಷಣಾಲಯದ ಅನುಭವ ಇನ್ನೂ ಹೆಚ್ಚು ಬೋಧಪ್ರದ. ಹಿಮದೊಳಗೆ ಹೂತ 5,160 ಸಂವೇದಕಗಳು ದಿನಕ್ಕೆ ಸುಮಾರು ಒಂದು ಟೆರಾಬೈಟ್ ದತ್ತಾಂಶ ಉತ್ಪಾದಿಸುತ್ತವೆ. ಧ್ರುವದಲ್ಲೇ ಸೋಸಿ ಉಳಿಸಿದ ಸುಮಾರು 100 ಗಿಗಾಬೈಟ್ ಮಾತ್ರ ಉಪಗ್ರಹ ಏರುತ್ತದೆ, ಉಳಿದದ್ದು ಡಿಸ್ಕ್‌ಗಳಲ್ಲಿ ಬೇಸಿಗೆಯ ವಿಮಾನಕ್ಕಾಗಿ ಕಾಯುತ್ತದೆ. ಉಪಗ್ರಹ ಕಾಣುವ ಅವಧಿ ನಾಲ್ಕು ಗಂಟೆಯೆಂದುಕೊಂಡರೆ, ಆ 100 ಗಿಗಾಬೈಟ್ ಕಳುಹಿಸಲು ಸೆಕೆಂಡಿಗೆ ಸುಮಾರು 55 ಮೆಗಾಬಿಟ್ ಬೇಕು. ಆದರೆ ಅಪರೂಪದ, ಅತಿಶಕ್ತಿಯ ನ್ಯೂಟ್ರಿನೋ ಕಂಡಾಗ ಅದರ ಸಾರಾಂಶ ಇರಿಡಿಯಂ ಮೂಲಕ ತಕ್ಷಣ ಹೊರಡುತ್ತದೆ. 2017ರ ಸೆಪ್ಟೆಂಬರ್ 22ರಂದು ದಾಖಲಾದ ಒಂದು ನ್ಯೂಟ್ರಿನೋದ ಸೂಚನೆ 43 ಸೆಕೆಂಡುಗಳಲ್ಲಿ ಜಗತ್ತಿನ ದೂರದರ್ಶಕಗಳನ್ನು ತಲುಪಿ, ಅದು ಬಂದ ದಿಕ್ಕಿನಲ್ಲಿ ಭುಗಿಲೆದ್ದಿದ್ದ ಒಂದು ದೂರದ ಗೆಲಾಕ್ಸಿಯನ್ನು ಗುರುತಿಸಲು ಸಾಧ್ಯವಾಯಿತು. ಇಲ್ಲಿ ಕಾಯಲಾರದ್ದು ಮಾತಲ್ಲ, ದತ್ತಾಂಶವೇ. ಆದ್ದರಿಂದ ಮಾತು ಒಂದೆಡೆ, ದತ್ತಾಂಶ ಇನ್ನೊಂದೆಡೆ ಎಂಬ ರೂಢಿಯ ವಿಂಗಡಣೆ ಸಾಲದು; ಗಾತ್ರ ಮತ್ತು ತುರ್ತನ್ನು ಆಧರಿಸಿದ ವಿಂಗಡಣೆಯೇ ಸರಿಯಾದದ್ದು.

ಈಚೆಗೆ ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುವ ಸ್ಟಾರ್‌ಲಿಂಕ್‌ನಂತಹ ಜಾಲಗಳು ವಿಳಂಬವನ್ನು ಬಹಳವಾಗಿ ತಗ್ಗಿಸಿವೆ, ಮತ್ತು 2022ರಲ್ಲಿ ಅಂಟಾರ್ಕ್ಟಿಕದ ಮೆಕ್‌ಮರ್ಡೋ ನಿಲ್ದಾಣದಲ್ಲಿ ಸ್ಟಾರ್‌ಲಿಂಕ್‌ನ ಪರೀಕ್ಷೆ ಆರಂಭವಾಯಿತು. ಹತ್ತಿರದಲ್ಲಿ ಭೂಕೇಂದ್ರವಿಲ್ಲದ ಕಡೆ ಈ ಜಾಲ ಉಪಗ್ರಹದಿಂದ ಉಪಗ್ರಹಕ್ಕೆ ಲೇಸರ್ ಕೊಂಡಿಗಳನ್ನು ಅವಲಂಬಿಸಬೇಕಾಗುತ್ತದೆ, ಮತ್ತು ಸೇವೆ ಒಂದೇ ಸಂಸ್ಥೆಯ ಕೈಯಲ್ಲಿರುತ್ತದೆ. ಹಿಮಾಲಯದ ಗಡಿಠಾಣೆಯಿರಲಿ, ಪಶ್ಚಿಮಘಟ್ಟದ ಅರಣ್ಯ ತಂಡವಿರಲಿ, ಸಮುದ್ರದ ಸಂಶೋಧನಾ ನೌಕೆಯಿರಲಿ, ಹೊಸ ಕೊಂಡಿಯನ್ನು ಅಳವಡಿಸುವವರು ಹಳೆಯ ಸಣ್ಣ ಕೊಂಡಿಯನ್ನು ಕಿತ್ತುಹಾಕಬಾರದು. ಬೇರೆ ಜಾಲ, ಬೇರೆ ಆಂಟೆನಾ, ಬೇರೆ ವಿದ್ಯುತ್ ಮೂಲದ ಮೇಲೆ ನಡೆಯುವ ಒಂದು ಮಾತಿನ ದಾರಿಯನ್ನು ಗುತ್ತಿಗೆಯ ಕರಾರಿನಲ್ಲೇ ಕಡ್ಡಾಯಗೊಳಿಸಬೇಕು.