ನೀಲಗಿರಿಯ ಮಳೆಗೂ ಚಳಿಗೂ ತಾಳುವ ಕ್ಯಾಮೆರಾ: ಆರಿಸುವುದು ಹೇಗೆ?

ಅಂಗಡಿಯ ಎ.ಸಿ. ಕೋಣೆಯಲ್ಲಿ ಎಲ್ಲ ಕ್ಯಾಮೆರಾಗಳೂ ಒಳ್ಳೆಯವೇ. ಬೆಳಗಿನ ಜಾವ ಅವಲಾಂಚಿಯ ಶೋಲಾ ಕಾಡಿನ ಅಂಚಿನಲ್ಲಿ ನಿಂತಾಗ ಯಾವುದು ನಂಬಿಕೆಗೆ ಅರ್ಹ, ಯಾವುದು ಅಲ್ಲ ಎಂಬುದು ತಿಳಿಯುತ್ತದೆ. ನೀಲಗಿರಿಯಲ್ಲಿ ದೊಡ್ಡಬೆಟ್ಟ 2,637 ಮೀಟರ್ ಎತ್ತರವಿದೆ. ಈ ಹೆಸರಿನ ಅರ್ಥವನ್ನು ಕನ್ನಡಿಗರಿಗಾಗಲಿ ಬಡಗರಿಗಾಗಲಿ ಬಿಡಿಸಿ ಹೇಳಬೇಕಾಗಿಲ್ಲ. ಡಿಸೆಂಬರ್, ಜನವರಿಯಲ್ಲಿ ಈ ಎತ್ತರದ ಹುಲ್ಲುಗಾವಲುಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ನೆಲ ಬೆಳ್ಳಗಾಗುತ್ತದೆ. ಮುಂಗಾರಿನ ಕಥೆಯೇ ಬೇರೆ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದಿತ್ತು. ಇಂಥ ಜಾಗದ ನಿಸರ್ಗ ಚಿತ್ರಣಕ್ಕೆ ಹೊರಟವರು ಮೊದಲು ಕೇಳಬೇಕಾದದ್ದು ಮೆಗಾಪಿಕ್ಸೆಲ್ ಎಷ್ಟು ಎಂದಲ್ಲ.

ಲೆಕ್ಕ ಸುಲಭ. 24 ಮೆಗಾಪಿಕ್ಸೆಲ್ ಚಿತ್ರವೆಂದರೆ ಸುಮಾರು 6000×4000 ಚುಕ್ಕಿಗಳು. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ 20×13 ಇಂಚಿನ ಚಿತ್ರ ಸಿಗುತ್ತದೆ. ಮನೆಯ ಗೋಡೆಗೆ ಇಷ್ಟು ಧಾರಾಳವಾಯಿತು. ಮೇಲಿನ ಹಣವನ್ನು ಬೇರೆಡೆ ಹಾಕುವುದೇ ಜಾಣತನ.

ಮಾರಾಟಗಾರರು ಹೊಗಳುವ 'ವೆದರ್ ಸೀಲಿಂಗ್' ಎಂದರೆ ಗುಂಡಿಗಳು, ಮುಚ್ಚಳಗಳು ಮತ್ತು ಲೆನ್ಸ್ ಕೂರುವ ಜಾಗದಲ್ಲಿರುವ ರಬ್ಬರ್ ಪಟ್ಟಿಗಳು. ಕ್ಯಾಮೆರಾಕ್ಕೆ ಸೀಲಿಂಗ್ ಇದ್ದು ಲೆನ್ಸಿಗೆ ಇಲ್ಲದಿದ್ದರೆ ಪ್ರಯೋಜನ ಅರ್ಧಕ್ಕರ್ಧ. ಇದನ್ನು ಅಂಗಡಿಯವರು ತಾವಾಗಿ ಹೇಳುವುದು ಅಪರೂಪ. 2022ರಲ್ಲಿ ಬಂದ ಓಎಂ-1 ಕ್ಯಾಮೆರಾಕ್ಕೆ ಐಪಿ53 ಪ್ರಮಾಣವಿದೆ, ಆದರೆ ಅದು ತಕ್ಕ ಲೆನ್ಸ್ ಜೊತೆಗಿದ್ದಾಗ ಮಾತ್ರ. ಅದರ ಅರ್ಥ ಓರೆಯಾಗಿ ಬೀಳುವ ಹನಿಗೆ ತಡೆ ಎಂದಷ್ಟೇ, ಹೊಳೆಗೆ ಬಿದ್ದರೂ ಬದುಕುತ್ತದೆ ಎಂದಲ್ಲ. ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಸಿಗದು. ಆದ್ದರಿಂದ ಎಷ್ಟೇ ದುಬಾರಿ ಕ್ಯಾಮೆರಾ ಇದ್ದರೂ ಒಂದು ಮಳೆ ಕವರು, ಎರಡು ಒಣ ಹತ್ತಿಬಟ್ಟೆ ಚೀಲದಲ್ಲಿರಲಿ.

ಲೆನ್ಸ್ ವಿಷಯದಲ್ಲಿ ಹಣ ಉಳಿಸಬಹುದು. ಬೆಟ್ಟದ ಚಿತ್ರಗಳನ್ನು ಹೆಚ್ಚಾಗಿ ಎಫ್/8, ಎಫ್/11ರಲ್ಲಿ ತೆಗೆಯುವುದರಿಂದ ಎಫ್/2.8ರ ಭಾರದ ಲೆನ್ಸ್ ಹೊರಬೇಕಿಲ್ಲ. ಎಫ್/4ರ ಹಗುರ ಜೂಮ್ ಸಾಕು. ಒಂದು ಪೋಲರೈಸರ್ ಫಿಲ್ಟರ್ ಮಾತ್ರ ತಪ್ಪದೆ ಬೇಕು. ಒದ್ದೆ ಎಲೆಗಳ ಹೊಳಪನ್ನು ತೆಗೆದು ಹಸಿರನ್ನು ತೋರಿಸುವ ಈ ಕೆಲಸವನ್ನು ಕಂಪ್ಯೂಟರಿನಲ್ಲಿ ಸರಿಯಾಗಿ ಮಾಡಲಾಗದು.

ಉಳಿಸಿದ ಹಣ ಟ್ರೈಪಾಡಿಗೆ ಹೋಗಬೇಕು. ಅಗ್ಗದ ಟ್ರೈಪಾಡ್ ಗಾಳಿಗೆ ನಡುಗುತ್ತದೆ, ಆಗ ದುಬಾರಿ ಕ್ಯಾಮೆರಾದ ಚಿತ್ರವೂ ಮಸುಕೇ. ಕಾರ್ಬನ್ ಫೈಬರಿನದು ಹಗುರ, ಚಳಿಯಲ್ಲಿ ಕೈಗೆ ಕೊರೆಯುವುದೂ ಕಡಿಮೆ, ಬೆಲೆ ಹೆಚ್ಚು. ಅಲ್ಯುಮಿನಿಯಂ ಭಾರ, ಆದರೆ ಗಟ್ಟಿ. ಯಾವುದೇ ಆಗಲಿ, ನಡುವಿನ ಕಂಬ ಏರಿಸದೆ ಕಣ್ಣಿನ ಮಟ್ಟಕ್ಕೆ ಬರುವಂಥದ್ದನ್ನು ಆರಿಸುವುದು ಲೇಸು. ಗಾಳಿ ಹೆಚ್ಚಿದ್ದಾಗ ಚೀಲವನ್ನೇ ಅದಕ್ಕೆ ತೂಗುಹಾಕಬಹುದು.

ಚಳಿಯಲ್ಲಿ ಮೊದಲು ಸೋಲುವುದು ಬ್ಯಾಟರಿ. ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ತಂಪಿನಲ್ಲಿ ನಿಧಾನವಾಗುತ್ತದೆ. ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿದ್ದು ಸೂರ್ಯ ಮೂಡುವ ಹೊತ್ತಿಗೆ ಕೈಕೊಟ್ಟರೆ ಆ ಬೆಳಗು ಹೋದಂತೆಯೇ. ಹೆಚ್ಚುವರಿ ಬ್ಯಾಟರಿಗಳು ಸ್ವೆಟರಿನ ಒಳಜೇಬಿನಲ್ಲಿರಬೇಕು. ಸತ್ತಂತೆ ಕಂಡ ಬ್ಯಾಟರಿಯೂ ಮೈ ಬಿಸಿಗೆ ಒಂದಿಷ್ಟು ಚೇತರಿಸಿಕೊಳ್ಳುವುದುಂಟು. ಮಿರರ್‌ಲೆಸ್ ಕ್ಯಾಮೆರಾಗಳು ಹಳೆಯ ಡಿಎಸ್ಎಲ್ಆರ್‌ಗಳಿಗಿಂತ ಸಾಮಾನ್ಯವಾಗಿ ಹೆಚ್ಚು ಬ್ಯಾಟರಿ ತಿನ್ನುತ್ತವೆ. ಅವುಗಳಿಗೆ ಮೂರು ಬ್ಯಾಟರಿ ಇದ್ದರೆ ವಾಸಿ.

ಇಷ್ಟೆಲ್ಲ ದಾಟಿದ ಮೇಲೆ ಮನೆಯಲ್ಲಿ ಕಾಯುವ ಶತ್ರು ಬೂಷ್ಟು. ಗಾಳಿಯ ತೇವ ಶೇ. 60-70 ಮೀರಿದ ಕಡೆ ಲೆನ್ಸನ್ನು ತಿಂಗಳುಗಟ್ಟಲೆ ಕತ್ತಲಲ್ಲಿಟ್ಟರೆ ಗಾಜಿನೊಳಗೆ ಜೇಡರ ಬಲೆಯಂತೆ ಅದು ಹರಡುತ್ತದೆ. ಒಮ್ಮೆ ಗಾಜಿನ ಲೇಪವನ್ನೇ ತಿಂದರೆ ಸ್ವಚ್ಛ ಮಾಡಿಸಿದರೂ ಕಲೆ ಉಳಿಯುತ್ತದೆ. ಚೆಂದವೆಂದು ತೊಗಲಿನ ಚೀಲದಲ್ಲಿಡುವುದು ಬೂಷ್ಟನ್ನು ಕರೆದು ಕೂರಿಸಿದಂತೆ. ಅಡುಗೆಮನೆಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಪುಟ್ಟ ಮೀಟರ್ ಇಷ್ಟಿದ್ದರೆ ಸಾಕು. ತೇವ ಶೇ. 40-50ರ ನಡುವೆ ನಿಲ್ಲಬೇಕು. ಚಳಿಯಿಂದ ಬಿಸಿ ಕೋಣೆಗೆ ಬರುವಾಗ ಕ್ಯಾಮೆರಾವನ್ನು ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗೆ ತರಬೇಕು. ಆಗ ನೀರಿನ ಹನಿ ಕೂರುವುದು ಚೀಲದ ಮೇಲೆ, ಲೆನ್ಸಿನ ಮೇಲಲ್ಲ. ಕೋಣೆಯ ಬಿಸಿಗೆ ಬರುವವರೆಗೆ ಅದನ್ನು ಬಿಚ್ಚಬಾರದು.

ಮುಕುರ್ತಿ ರಾಷ್ಟ್ರೀಯ ಉದ್ಯಾನದಂಥ ಸಂರಕ್ಷಿತ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಡ್ರೋನ್ ಒಯ್ಯುವ ಯೋಚನೆ ಬಿಡುವುದು ಒಳ್ಳೆಯದು.

ಬಜೆಟ್ ಕಡಿಮೆ ಇದ್ದವರು ಸೀಲಿಂಗ್ ಇರುವ ಹಳೆಯ ಡಿಎಸ್ಎಲ್ಆರ್ ಅನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹಿಂಜರಿಯಬೇಕಿಲ್ಲ. ಆದರೆ ಲೆನ್ಸಿನ ಎರಡೂ ಮುಚ್ಚಳ ತೆಗೆದು, ಒಂದು ಬದಿಯಿಂದ ಟಾರ್ಚ್ ಹಾಕಿ ಇನ್ನೊಂದು ಬದಿಯಿಂದ ಓರೆಯಾಗಿ ನೋಡಬೇಕು. ಬಿಳಿ ಎಳೆಗಳು ಕಂಡರೆ, ಬೆಲೆ ಎಷ್ಟೇ ಇಳಿಸಿದರೂ ಅದನ್ನು ಅಲ್ಲೇ ಬಿಟ್ಟು ಬರುವುದು.