ಓಪನ್ ಸೋರ್ಸ್ ಲೋಕಕ್ಕೂ ಬಂತು ನೀತಿ ಸಂಹಿತೆ: ಬೈಗುಳ ನಿಂತಿತೇ, ಬಾಯಿಗೆ ಬೀಗ ಬಿತ್ತೇ?

ನೀತಿ ಸಂಹಿತೆ ಎಂದರೆ ನಮಗೆ ತಕ್ಷಣ ನೆನಪಾಗುವುದು ಚುನಾವಣೆ. ದಿನಾಂಕ ಘೋಷಣೆಯಾದ ಕೂಡಲೇ ಬ್ಯಾನರ್‌ಗಳು ಇಳಿಯುತ್ತವೆ, ಚೆಕ್‌ಪೋಸ್ಟ್‌ಗಳು ಏಳುತ್ತವೆ. ಆದರೆ ಬೆಂಗಳೂರಿನ ಟೆಕ್ಕಿಗಳು, ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ವರ್ಷವಿಡೀ ಪಾಲಿಸಬೇಕಾದ ಇನ್ನೊಂದು ನೀತಿ ಸಂಹಿತೆಯೂ ಇದೆ. ಲಿನಕ್ಸ್, ಪೈಥಾನ್, ರಸ್ಟ್ ಹೀಗೆ ಬಹುತೇಕ ದೊಡ್ಡ ಓಪನ್ ಸೋರ್ಸ್ ಯೋಜನೆಗಳಲ್ಲಿ 'ಕೋಡ್ ಆಫ್ ಕಂಡಕ್ಟ್' ಎಂಬ ಕಡತ ಇದ್ದೇ ಇರುತ್ತದೆ. ಹೆಚ್ಚಿನವರು ಅದನ್ನು ತೆರೆದೂ ನೋಡುವುದಿಲ್ಲ. ಆದರೆ ಇದೇ ಕಡತದ ಹೆಸರಿನಲ್ಲಿ ಹಿರಿಯ ಡೆವಲಪರ್‌ಗಳು ಅಮಾನತಾಗಿದ್ದಾರೆ, ಕೆಲವರು ಬೇಸತ್ತು ಹೊರನಡೆದಿದ್ದಾರೆ, ಇನ್ನು ಕೆಲವರು ಇದು ಇದ್ದದ್ದರಿಂದಲೇ ಉಳಿದುಕೊಂಡೆವು ಎನ್ನುತ್ತಾರೆ. ಹಾಗಾದರೆ ಇದರಿಂದ ಆದದ್ದು ಲಾಭವೋ ನಷ್ಟವೋ?

ಏನಿದು ಕೋಡ್ ಆಫ್ ಕಂಡಕ್ಟ್?

ಮೂಲ ಕೋಡ್ ಎಲ್ಲರಿಗೂ ಮುಕ್ತವಾಗಿರುವ ಸಾಫ್ಟ್‌ವೇರ್ ಅನ್ನು ಓಪನ್ ಸೋರ್ಸ್ ಎನ್ನುತ್ತಾರೆ. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವ ಲಿನಕ್ಸ್ ಕರ್ನಲ್ ಇದಕ್ಕೆ ಹತ್ತಿರದ ಉದಾಹರಣೆ. ಇಂತಹ ಯೋಜನೆಗಳಲ್ಲಿ ಎಲ್ಲರಿಗೂ ಒಬ್ಬನೇ ಮಾಲೀಕ ಇರುವುದಿಲ್ಲ, ಎಚ್‌ಆರ್ ವಿಭಾಗವೂ ಇರುವುದಿಲ್ಲ. ಬರ್ಲಿನ್‌ನಲ್ಲಿ ಬರೆದ ಕೋಡನ್ನು ಬೆಳಗಾವಿಯಲ್ಲಿ ಕುಳಿತವರು ತಿದ್ದಬಹುದು. ಆ ತಿದ್ದುಪಡಿಯನ್ನು, ಅಂದರೆ ಪ್ಯಾಚನ್ನು, ಒಪ್ಪುವುದೋ ಬಿಡುವುದೋ ಎಂದು ತೀರ್ಮಾನಿಸುವವರು ಮೇಂಟೇನರ್. ಮಾತುಕತೆ ಬಹುತೇಕ ಇಮೇಲ್ ಮತ್ತು ಕಾಮೆಂಟ್‌ಗಳಲ್ಲಿ, ಮುಖ ನೋಡದವರ ನಡುವೆ, ಅದೂ ಅನೇಕರಿಗೆ ಎರಡನೇ ಭಾಷೆಯಾದ ಇಂಗ್ಲಿಷಿನಲ್ಲಿ ನಡೆಯುತ್ತದೆ. ಜಗಳ ಹುಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಈ ಜಾಗದಲ್ಲಿ ಹೇಗೆ ನಡೆದುಕೊಳ್ಳಬೇಕು, ಮೀರಿದರೆ ಯಾರಿಗೆ ದೂರು ಕೊಡಬೇಕು, ಶಿಕ್ಷೆ ಏನು ಎಂದು ಹೇಳುವುದೇ ಕೋಡ್ ಆಫ್ ಕಂಡಕ್ಟ್. ಉಬುಂಟು ತನ್ನ ಆರಂಭದ ದಿನಗಳಲ್ಲೇ ಇಂಥದ್ದೊಂದನ್ನು ಇಟ್ಟುಕೊಂಡಿತ್ತು. 2014ರಲ್ಲಿ ಕೊರಲೈನ್ ಅಡಾ ಎಮ್ಕಿ ಅವರು ಬರೆದ 'ಕಾಂಟ್ರಿಬ್ಯೂಟರ್ ಕವನೆಂಟ್' ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಮಾದರಿ. ಲಿಂಗ, ಜನಾಂಗ, ರಾಷ್ಟ್ರೀಯತೆ, ಧರ್ಮ, ಅನುಭವದ ಮಟ್ಟ ಇವುಗಳ ಆಧಾರದ ಮೇಲೆ ಯಾರನ್ನೂ ಹೀಯಾಳಿಸುವಂತಿಲ್ಲ ಎನ್ನುವುದು ಅದರ ತಿರುಳು. 2019ರ ಎರಡನೇ ಆವೃತ್ತಿಯಲ್ಲಿ ಶಿಕ್ಷೆಗೆ ನಾಲ್ಕು ಮೆಟ್ಟಿಲುಗಳಿವೆ: ತಿದ್ದಿ ಹೇಳುವುದು, ಎಚ್ಚರಿಕೆ, ತಾತ್ಕಾಲಿಕ ನಿಷೇಧ, ಶಾಶ್ವತ ನಿಷೇಧ.

ಲಿನಸ್ ಟೊರ್ವಾಲ್ಡ್ಸ್ ಕ್ಷಮೆ ಕೇಳಿದ ದಿನ

ಈ ಚರ್ಚೆಗೆ ಲಿನಕ್ಸ್‌ಗಿಂತ ದೊಡ್ಡ ಉದಾಹರಣೆ ಇಲ್ಲ. 1991ರಲ್ಲಿ ಲಿನಕ್ಸ್ ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ಅವರ ಬುದ್ಧಿವಂತಿಕೆ ಎಷ್ಟು ಪ್ರಸಿದ್ಧವೋ ಅವರ ಬಾಯಿಯೂ ಅಷ್ಟೇ ಪ್ರಸಿದ್ಧ. ಕೆಟ್ಟ ಕೋಡ್ ಕಂಡರೆ ಬರೆದವರನ್ನೇ ಸಾರ್ವಜನಿಕವಾಗಿ ಬೈಯುವುದು ಅವರ ರೂಢಿಯಾಗಿತ್ತು. 2013ರಲ್ಲಿ ಯುಎಸ್‌ಬಿ 3.0 ಡ್ರೈವರ್ ನೋಡಿಕೊಳ್ಳುತ್ತಿದ್ದ ಸೇಜ್ ಶಾರ್ಪ್ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. ನಾನು ಇರುವುದೇ ಹೀಗೆ ಎಂಬುದು ಟೊರ್ವಾಲ್ಡ್ಸ್ ಅವರ ಅಂದಿನ ನಿಲುವು. 2015ರಲ್ಲಿ 'ಕೋಡ್ ಆಫ್ ಕಾನ್‌ಫ್ಲಿಕ್ಟ್' ಎಂಬ ಪುಟ್ಟ ಕಡತ ಬಂತು. ನಿಮ್ಮ ಕೋಡನ್ನು ಕಟುವಾಗಿ ವಿಮರ್ಶಿಸುತ್ತೇವೆ, ಅದಕ್ಕೆ ಸಿದ್ಧರಾಗಿ ಎಂಬ ಧಾಟಿ ಅದರದ್ದು. ಅದೇ ವರ್ಷ ಶಾರ್ಪ್ ಕರ್ನಲ್ ಕೆಲಸ ಬಿಟ್ಟುದನ್ನು ಪ್ರಕಟಿಸಿದರು.

2018ರ ಸೆಪ್ಟೆಂಬರ್ 16ರಂದು ಎಲ್ಲರೂ ಅಚ್ಚರಿಪಡುವ ಬೆಳವಣಿಗೆ ನಡೆಯಿತು. 4.19 ಆವೃತ್ತಿಯ ಪರೀಕ್ಷಾ ಬಿಡುಗಡೆ ಪ್ರಕಟಿಸಿದ ಇಮೇಲ್‌ನಲ್ಲೇ ಟೊರ್ವಾಲ್ಡ್ಸ್ ತಮ್ಮ ವರ್ತನೆಗೆ ಕ್ಷಮೆ ಕೇಳಿದರು. ಜನರ ಭಾವನೆ ಅರ್ಥ ಮಾಡಿಕೊಳ್ಳಲು ನೆರವು ಪಡೆಯುತ್ತೇನೆ ಎಂದು ಹೇಳಿ ಕೆಲವು ವಾರ ಬಿಡುವು ತೆಗೆದುಕೊಂಡರು. ಅದೇ ಹೊತ್ತಿಗೆ ಹಳೆಯ ಕಡತ ಹೋಗಿ, ಕಾಂಟ್ರಿಬ್ಯೂಟರ್ ಕವನೆಂಟ್ ಆಧಾರಿತ ಸಂಹಿತೆ ಬಂತು.

ಮುಂದಿನ ಕೆಲವು ವಾರ ಇಂಟರ್ನೆಟ್ ಹೊತ್ತಿ ಉರಿಯಿತು. ಪ್ರತಿಭೆಗೆ ಬೆಲೆ ಇಲ್ಲದಂತಾಯಿತು, ಲಿನಕ್ಸ್ ಕಥೆ ಮುಗಿಯಿತು ಎಂಬ ಭವಿಷ್ಯವಾಣಿಗಳು ಬಂದವು. ಕೊಟ್ಟ ಕೋಡನ್ನು ವಾಪಸ್ ಪಡೆಯಿರಿ ಎಂಬ ಕರೆಗಳೂ ಹರಿದಾಡಿದವು. ಆದದ್ದೇನು? ಅಕ್ಟೋಬರ್‌ನಲ್ಲಿ 4.19 ಬಿಡುಗಡೆಯಾಯಿತು, ಟೊರ್ವಾಲ್ಡ್ಸ್ ಮರಳಿದರು, ಡಿಸೆಂಬರ್‌ನಲ್ಲಿ 4.20 ಬಂತು. ಹೊಸ ಆವೃತ್ತಿ ಇಂದಿಗೂ ಒಂಬತ್ತು ಹತ್ತು ವಾರಕ್ಕೊಮ್ಮೆ ಬರುತ್ತಲೇ ಇದೆ. ಟೊರ್ವಾಲ್ಡ್ಸ್ ಈಗಲೂ ಕೆಟ್ಟ ಪ್ಯಾಚನ್ನು ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸುತ್ತಾರೆ, ಆಗಾಗ ರೇಗುವುದೂ ಉಂಟು. ಸಂಹಿತೆ ಬಂದರೆ ಗುಣಮಟ್ಟ ಕುಸಿಯುತ್ತದೆ ಎಂಬ ವಾದಕ್ಕೆ ಲಿನಕ್ಸ್‌ನಲ್ಲಂತೂ ಪುರಾವೆ ಸಿಗಲಿಲ್ಲ.

ಬೈಗುಳದ ಬೆಲೆ ಎಷ್ಟು?

ಗಿಟ್‌ಹಬ್ 2017ರಲ್ಲಿ ನಡೆಸಿದ ಓಪನ್ ಸೋರ್ಸ್ ಸಮೀಕ್ಷೆ ಇಲ್ಲಿ ಗಮನಾರ್ಹ. ಯಾದೃಚ್ಛಿಕವಾಗಿ ಆಯ್ದ ಸುಮಾರು 5,500 ಮಂದಿಯಲ್ಲಿ ಶೇ. 18ರಷ್ಟು ಜನ ತಾವೇ ಕಹಿ ಅನುಭವಕ್ಕೆ ಒಳಗಾಗಿದ್ದರು. ಶೇ. 50ರಷ್ಟು ಜನ ಬೇರೆಯವರಿಗೆ ಹಾಗಾದುದನ್ನು ಕಂಡಿದ್ದರು. ಹೀಗೆ ಅನುಭವಿಸಿದವರು ಅಥವಾ ಕಂಡವರ ಪೈಕಿ ಶೇ. 21ರಷ್ಟು ಮಂದಿ ಆ ಯೋಜನೆಗೆ ಕೆಲಸ ಮಾಡುವುದನ್ನೇ ನಿಲ್ಲಿಸಿದ್ದರು. ಅಂದರೆ ಒಬ್ಬರನ್ನು ಬೈದಾಗ ಪಕ್ಕದಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದವರೂ ಎದ್ದು ಹೋಗುತ್ತಾರೆ. ಆ ಸಮೀಕ್ಷೆಯಲ್ಲಿ ಮಹಿಳೆಯರ ಪಾಲು ಕೇವಲ ಶೇ. 3 ಇತ್ತು ಎಂಬುದನ್ನೂ ಮರೆಯುವಂತಿಲ್ಲ.

ಭಾರತೀಯರಿಗೆ ಈ ವಿಷಯ ದೂರದ್ದಲ್ಲ. 2028ರ ಹೊತ್ತಿಗೆ ಗಿಟ್‌ಹಬ್‌ನಲ್ಲಿ ಭಾರತದ ಡೆವಲಪರ್‌ಗಳ ಸಂಖ್ಯೆ ಅಮೆರಿಕವನ್ನು ಮೀರಲಿದೆ ಎಂದು ಆ ಕಂಪನಿಯ 2024ರ ವರದಿ ಅಂದಾಜಿಸಿತ್ತು. ಜೊತೆಗೆ ಒಂದು ಮುಜುಗರದ ಅಧ್ಯಾಯವೂ ಇದೆ. 2020ರ ಅಕ್ಟೋಬರ್‌ನ 'ಹ್ಯಾಕ್ಟೋಬರ್‌ಫೆಸ್ಟ್'ನಲ್ಲಿ ನಾಲ್ಕು ತಿದ್ದುಪಡಿ ಕಳಿಸಿದರೆ ಟೀ ಶರ್ಟ್ ಉಚಿತ ಎಂಬ ಆಮಿಷ ಇತ್ತು. ವಿಡಿಯೊ ಪಾಠ ನೋಡಿದ ಸಾವಿರಾರು ವಿದ್ಯಾರ್ಥಿಗಳು, ಅವರಲ್ಲಿ ನಮ್ಮವರೂ ಬಹಳಷ್ಟು ಮಂದಿ, ಒಂದು ಪದ ಸೇರಿಸಿದ, ಒಂದು ಚಿಹ್ನೆ ಬದಲಿಸಿದ ಅರ್ಥಹೀನ ಪ್ಯಾಚ್‌ಗಳನ್ನು ರಾಶಿ ಹಾಕಿದರು. ಆಯೋಜಕರು ಕೆಲವೇ ದಿನಗಳಲ್ಲಿ ನಿಯಮ ಬದಲಿಸಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಜನಪ್ರಿಯ ಯೋಜನೆಯಲ್ಲೂ ಇದೇ ಕಥೆ ಮರುಕಳಿಸಿತು.

ಪುಕ್ಕಟೆಯಾಗಿ ದುಡಿಯುವ ಮೇಂಟೇನರ್‌ಗಳಿಗೆ ಸಿಟ್ಟು ಬಂದದ್ದು ಸಹಜ. ಆದರೆ ಆ ಸಿಟ್ಟು ಇದು ಕೆಟ್ಟ ಪ್ಯಾಚ್ ಎಂಬಲ್ಲಿಂದ ಇಂಡಿಯಾದವರೇ ಹೀಗೆ ಎಂಬಲ್ಲಿಗೆ ಜಾರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಂಹಿತೆ ನಿಜಕ್ಕೂ ಕೆಲಸಕ್ಕೆ ಬರುವುದು ಈ ಗೆರೆಯ ಮೇಲೆ. ಕೋಡನ್ನು ಎಷ್ಟಾದರೂ ತಿರಸ್ಕರಿಸಿ, ಕಳಿಸಿದವರ ಊರು, ದೇಶ ಎತ್ತಬೇಡಿ ಎಂದು ಹೇಳಲು ಅದು ಆಧಾರ ಕೊಡುತ್ತದೆ. ಹಾಗೆಯೇ, ಒಬ್ಬರ ಸಮಯ ಹಾಳು ಮಾಡುವುದೂ ಅಗೌರವವೇ ಎಂದು ನಮ್ಮ ಹುಡುಗರಿಗೆ ಹೇಳಲೂ ಅದೇ ಕಡತ ಸಾಕು.

ವಿರೋಧಿಗಳ ಮಾತಿನಲ್ಲಿ ಹುರುಳಿಲ್ಲವೇ?

ಇದೆ. ಮೊದಲ ಆಕ್ಷೇಪ ವ್ಯಾಪ್ತಿಯದ್ದು. 2015ರಲ್ಲಿ ಓಪಲ್ ಎಂಬ ರೂಬಿ ಯೋಜನೆಯ ಮೇಂಟೇನರ್ ಒಬ್ಬರು ತಮ್ಮ ಸ್ವಂತ ಟ್ವಿಟರ್ ಖಾತೆಯಲ್ಲಿ ಬರೆದದ್ದಕ್ಕಾಗಿ ಅವರನ್ನು ತೆಗೆಯಬೇಕೆಂಬ ಒತ್ತಾಯ ಬಂತು. ಯೋಜನೆಯ ಹೊರಗಿನ ಮಾತಿಗೆ ಒಳಗೆ ಶಿಕ್ಷೆ ಸರಿಯೇ ಎಂಬ ಪ್ರಶ್ನೆ ಅಂದಿನಿಂದಲೂ ಬಗೆಹರಿದಿಲ್ಲ. 2018ರಲ್ಲಿ ಎಲ್‌ಎಲ್‌ವಿಎಂ ಯೋಜನೆಯ ಪ್ರಮುಖ ಡೆವಲಪರ್ ರಫಾಯೆಲ್ ಎಸ್ಪಿಂಡೋಲಾ, ಹೊಸ ಸಂಹಿತೆಯನ್ನೂ ಒಂದು ಕಾರಣವಾಗಿ ಕೊಟ್ಟು ಹೊರನಡೆದರು. ಎಸ್‌ಕ್ಯೂಲೈಟ್ ತಂಡ ಇನ್ನೊಂದೇ ದಾರಿ ಹಿಡಿಯಿತು. ಸಂಹಿತೆ ಬೇಕೆಂದು ಕೇಳಿದವರಿಗೆ ಕ್ರೈಸ್ತ ಸನ್ಯಾಸಿಗಳಿಗಾಗಿ ಆರನೇ ಶತಮಾನದಲ್ಲಿ ಬರೆದ ಸಂತ ಬೆನೆಡಿಕ್ಟರ ನಿಯಮಗಳನ್ನೇ ಮುಂದಿಟ್ಟಿತು! ಗದ್ದಲವಾದ ಮೇಲೆ ಅದರ ಹೆಸರನ್ನು 'ಕೋಡ್ ಆಫ್ ಎಥಿಕ್ಸ್' ಎಂದು ಬದಲಿಸಿದರು.

ಎರಡನೆಯದು ಇನ್ನೂ ಗಂಭೀರ. 2024ರ ಆಗಸ್ಟ್‌ನಲ್ಲಿ ಪೈಥಾನ್ ಆಡಳಿತ ಮಂಡಳಿ ಒಬ್ಬ ಕೋರ್ ಡೆವಲಪರನ್ನು ಮೂರು ತಿಂಗಳು ಅಮಾನತು ಮಾಡಿತು. ಆ ವ್ಯಕ್ತಿ ಟಿಮ್ ಪೀಟರ್ಸ್. ಪೈಥಾನ್ ಪಟ್ಟಿಯನ್ನು ವಿಂಗಡಿಸುವ 'ಟಿಮ್‌ಸಾರ್ಟ್' ವಿಧಾನ ಬರೆದವರು, ಆ ಭಾಷೆಯ ತತ್ವಗಳನ್ನು ಸೂತ್ರರೂಪದಲ್ಲಿ ಕೊಟ್ಟವರು. ವಿವಾದ ಎದ್ದಿದ್ದೂ ಒಂದು ನಿಯಮದ ಚರ್ಚೆಯಲ್ಲೇ. ಸಂಹಿತೆ ಮೀರಿದ ಫೆಲೋಗಳನ್ನು ತೆಗೆದುಹಾಕಲು ಪೈಥಾನ್ ಪ್ರತಿಷ್ಠಾನದ ಮಂಡಳಿಗೆ ಸುಲಭ ಅಧಿಕಾರ ಕೊಡುವ ಪ್ರಸ್ತಾಪ ಅದು. ಪ್ರಕಟಣೆಯಲ್ಲಿ ತಪ್ಪುಗಳ ಪಟ್ಟಿಯೇನೋ ಇತ್ತು, ಆದರೆ ಯಾವ ಮಾತು, ಎಲ್ಲಿ ಆಡಿದ್ದು ಎಂಬುದನ್ನು ಬೊಟ್ಟು ಮಾಡಿ ತೋರಿಸಿರಲಿಲ್ಲ. ಅವರ ತಪ್ಪು ಇತ್ತೋ ಇಲ್ಲವೋ, ಆರೋಪದ ವಿವರ ಹೀಗೆ ಮಸುಕಾಗಿದ್ದರೆ ನೋಡುವವರಿಗೆ ನಂಬಿಕೆ ಹುಟ್ಟುವುದು ಕಷ್ಟ.

ಮೇಲಿರುವವರು ತಪ್ಪಿದರೆ?

ರಸ್ಟ್ ಭಾಷೆಯ ಪ್ರಸಂಗ ಇದಕ್ಕೆ ತದ್ವಿರುದ್ಧ. ಅಲ್ಲಿ ಸಂಹಿತೆ ಜಾರಿ ಮಾಡಲೆಂದೇ ಪ್ರತ್ಯೇಕ ಮಾಡರೇಷನ್ ತಂಡ ಇತ್ತು. 2021ರ ನವೆಂಬರ್ 22ರಂದು ಆ ತಂಡವೇ ಸಾಮೂಹಿಕವಾಗಿ ರಾಜೀನಾಮೆ ನೀಡಿತು. ಕೋರ್ ತಂಡ ತನ್ನನ್ನು ಬಿಟ್ಟು ಬೇರಾರಿಗೂ ಉತ್ತರದಾಯಿಯಲ್ಲ, ಹಾಗಾಗಿ ಅವರ ಮೇಲೆ ಸಂಹಿತೆ ಜಾರಿ ಮಾಡಲಾಗುತ್ತಿಲ್ಲ ಎಂಬುದು ಅವರ ದೂರು. ಮುಂದೆ ಆಡಳಿತ ವ್ಯವಸ್ಥೆಯೇ ಬದಲಾಗಿ, 2023ರಲ್ಲಿ ಲೀಡರ್‌ಶಿಪ್ ಕೌನ್ಸಿಲ್ ಬಂತು. ಪೈಥಾನ್‌ನಲ್ಲಿ ಜಾರಿ ಅತಿಯಾಯಿತು ಎಂಬ ದೂರು, ರಸ್ಟ್‌ನಲ್ಲಿ ಜಾರಿಯೇ ಆಗಲಿಲ್ಲ ಎಂಬ ದೂರು. ಎರಡೂ ಕಡೆ ಸಂಹಿತೆಯ ಒಕ್ಕಣೆಯಲ್ಲಿ ಹೇಳಿಕೊಳ್ಳುವಂಥ ದೋಷವಿರಲಿಲ್ಲ. ಎಡವಟ್ಟಾದದ್ದು ಅದನ್ನು ಹಿಡಿದುಕೊಂಡವರು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬಲ್ಲಿ.

ಇಲ್ಲಿ ನಮ್ಮ ದೇಶದ ಕಾನೂನೊಂದನ್ನು ಪಕ್ಕಕ್ಕಿಟ್ಟು ನೋಡಬಹುದು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ 'ಪಾಶ್' ಎಂದೇ ಪರಿಚಿತವಾದ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಅದು. ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿದ್ದರೆ ಆಂತರಿಕ ಸಮಿತಿ ಕಡ್ಡಾಯ. ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು ಇರಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ವಿವರ ಗೋಪ್ಯವಾಗಿರಬೇಕು, ಒಪ್ಪಿಗೆಯಾಗದವರಿಗೆ ಮೇಲ್ಮನವಿಯ ಹಕ್ಕಿದೆ. ಈ ಕಾಯ್ದೆ ಜಾರಿಯಲ್ಲೂ ಲೋಪಗಳಿಲ್ಲವೆಂದಲ್ಲ. ಆದರೆ ಹೊರಗಿನ ಸದಸ್ಯರು, ಗಡುವು, ಮೇಲ್ಮನವಿ ಈ ಮೂರೂ ಎಷ್ಟೋ ಓಪನ್ ಸೋರ್ಸ್ ಸಂಹಿತೆಗಳಲ್ಲಿ ಇಲ್ಲ. ಸಣ್ಣ ಯೋಜನೆಗಳಲ್ಲಿ ದೂರು ಕೊಡುವ ಇಮೇಲ್ ವಿಳಾಸವೂ ಮೇಂಟೇನರ್‌ದ್ದೇ ಆಗಿರುತ್ತದೆ. ದೂರು ಅವರ ಮೇಲೆಯೇ ಇದ್ದರೆ?

ಬೆಂಗಳೂರಿನಲ್ಲಿ ಹೇಗಿದೆ?

ಕರ್ನಾಟಕಕ್ಕೂ ಓಪನ್ ಸೋರ್ಸ್‌ಗೂ ಹಳೆಯ ನಂಟು. 2001ರಲ್ಲಿ 'ಲಿನಕ್ಸ್ ಬೆಂಗಳೂರು' ಹೆಸರಿನಲ್ಲಿ ಆರಂಭವಾದ ಸಮ್ಮೇಳನ 2005ರಲ್ಲಿ 'ಫಾಸ್ ಡಾಟ್ ಇನ್' ಆಗಿ 2012ರವರೆಗೂ ನಡೆಯಿತು. ದೇಶದ ಮೊದಲ ಪೈಕಾನ್ ಇಂಡಿಯಾ 2009ರಲ್ಲಿ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಈಗ ಪೈಕಾನ್ ಇಂಡಿಯಾ, ಇಂಡಿಯಾಫಾಸ್ ಮೊದಲಾದ ಸಮ್ಮೇಳನಗಳು ತಮ್ಮ ಸಂಹಿತೆಯನ್ನು ವೆಬ್‌ಸೈಟ್‌ನಲ್ಲೇ ಪ್ರಕಟಿಸುತ್ತವೆ. ಮುಖಾಮುಖಿ ಸೇರುವ ಜಾಗದಲ್ಲಿ ಇದರ ಉಪಯೋಗದ ಬಗ್ಗೆ ತಕರಾರು ಕಡಿಮೆ. ಪರಿಚಯವಿಲ್ಲದ ನೂರಾರು ಜನರ ನಡುವೆ ಒಬ್ಬಳೇ ಬರುವ ವಿದ್ಯಾರ್ಥಿನಿಗೆ, ತೊಂದರೆಯಾದರೆ ಯಾರ ಬಳಿ ಹೋಗಬೇಕು ಎಂದು ಮೊದಲೇ ಗೊತ್ತಿರುವುದು ಸಣ್ಣ ವಿಷಯವಲ್ಲ.

ನೀವು ಅಥವಾ ನಿಮ್ಮ ಮಕ್ಕಳು ಮೊದಲ ಪ್ಯಾಚ್ ಕಳಿಸುವ ತಯಾರಿಯಲ್ಲಿದ್ದರೆ ಆ ಕಡತದ ಕೊನೆಯ ಭಾಗವನ್ನು ಒಮ್ಮೆ ಓದಿ. ಸಭ್ಯತೆಯ ಸಾಲುಗಳು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ. ದೂರು ಒಬ್ಬರಿಗೆ ಹೋಗುತ್ತದೋ ಸಮಿತಿಗೋ, ಸಮಿತಿಯವರ ಹೆಸರು ಪ್ರಕಟವಾಗಿದೆಯೋ, ಸಮಿತಿಯವರ ಮೇಲೆಯೇ ದೂರಿದ್ದರೆ ದಾರಿ ಯಾವುದು, ತೀರ್ಪು ಒಪ್ಪಿಗೆಯಾಗದಿದ್ದರೆ ಮರುಪರಿಶೀಲನೆ ಇದೆಯೋ ನೋಡಿ. ಹಳೆಯ ಪ್ಯಾಚ್‌ಗಳನ್ನು ತಿರಸ್ಕರಿಸಿದಾಗ ಹೊಸಬರಿಗೆ ಮೇಂಟೇನರ್ ಹೇಗೆ ಉತ್ತರಿಸಿದ್ದಾರೆ ಎಂಬುದೂ ಗಿಟ್‌ಹಬ್‌ನಲ್ಲಿ ಮುಕ್ತವಾಗಿಯೇ ಸಿಗುತ್ತದೆ. ಹತ್ತು ಉತ್ತರ ಓದಿದರೆ ಸಾಕು, ಕಡತ ಹೇಳದ್ದೂ ತಿಳಿಯುತ್ತದೆ.