ಸಿಇಟಿ ಪಟ್ಟಿಯಾಚೆಗಿನ ಸರಕಾರಿ ಶಿಕ್ಷಣ ಸಂಸ್ಥೆಗಳು

ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ರಾಜ್ಯದ ಮನೆಮನೆಗಳಲ್ಲಿ ಸಿಇಟಿ ರ‍್ಯಾಂಕಿನ ಲೆಕ್ಕಾಚಾರ ಆರಂಭವಾಗುತ್ತದೆ. ರ‍್ಯಾಂಕ್ ಕೈಕೊಟ್ಟರೆ ಸಾಲ ಮಾಡಿ ಆಡಳಿತ ಮಂಡಳಿ ಕೋಟಾದ ಸೀಟು ಪಡೆಯುವುದೊಂದೇ ದಾರಿ ಎಂದು ಅನೇಕ ಪಾಲಕರು ಭಾವಿಸುತ್ತಾರೆ. ಸರಕಾರದ ಹಣದಿಂದಲೇ ನಡೆಯುವ, ಕಡಿಮೆ ಶುಲ್ಕದ ಕೆಲವು ಉತ್ತಮ ಸಂಸ್ಥೆಗಳು ಸಿಇಟಿ ಕೌನ್ಸೆಲಿಂಗ್ ಪಟ್ಟಿಯಲ್ಲಿ ಬಾರದಿರುವುದೇ ಅವು ಕಣ್ತಪ್ಪಿಹೋಗಲು ಮುಖ್ಯ ಕಾರಣ. ಹಿತ್ತಲ ಗಿಡ ಮದ್ದಲ್ಲ ಎಂಬಂತಾಗಿದೆ ಇವುಗಳ ಸ್ಥಿತಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ (ಆಯಿಷ್) ಇದಕ್ಕೆ ಉತ್ತಮ ನಿದರ್ಶನ. 1965ರಲ್ಲಿ ಆರಂಭವಾದ ಈ ಸಂಸ್ಥೆಗೆ ಕೇಂದ್ರ ಆರೋಗ್ಯ ಸಚಿವಾಲಯ ಹಣ ಒದಗಿಸುತ್ತದೆ. ವಿಜ್ಞಾನ ವಿಷಯದಲ್ಲಿ ಪಿಯುಸಿ ಮುಗಿಸಿದವರು ಇಲ್ಲಿ ಬಿಎಎಸ್‌ಎಲ್‌ಪಿ ಪದವಿಗೆ ಸೇರಬಹುದು. ಮೂರು ವರ್ಷ ತರಗತಿ, ಒಂದು ವರ್ಷ ಇಂಟರ್ನ್‌ಷಿಪ್. ನವಜಾತ ಶಿಶುಗಳ ಶ್ರವಣ ಪರೀಕ್ಷೆ, ಉಗ್ಗು ನಿವಾರಣೆ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರ ತರಬೇತಿ ಮುಂತಾದವು ಈ ಪದವೀಧರರ ಕಾರ್ಯಕ್ಷೇತ್ರ. ಸಂಸ್ಥೆಯ ಆವರಣದಲ್ಲಿಯೇ ಚಿಕಿತ್ಸಾಲಯವಿದ್ದು, ಅಲ್ಲಿಗೆ ಬರುವ ರೋಗಿಗಳ ನಡುವೆಯೇ ವಿದ್ಯಾರ್ಥಿಗಳ ಕಲಿಕೆ ನಡೆಯುತ್ತದೆ. ಕಟ್ಟಡದ ಗಾಜು ನೋಡಿ ಕಾಲೇಜು ಆರಿಸುವವರು ಇದನ್ನು ಗಮನಿಸಬೇಕು. ಆದರೆ ಸೀಟುಗಳು ಕಡಿಮೆ, ಪೈಪೋಟಿ ಇಡೀ ದೇಶದ್ದು.

ಅದೇ ಊರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು (ಆರ್‌ಐಇ) ಎನ್‌ಸಿಇಆರ್‌ಟಿ 1963ರಲ್ಲಿ ಸ್ಥಾಪಿಸಿತು. ಶಿಕ್ಷಕರಾಗಬಯಸುವವರಿಗೆ ಇಲ್ಲಿ ನಾಲ್ಕು ವರ್ಷಗಳ ಸಂಯೋಜಿತ ಪದವಿಯಿದೆ. 2015ರಿಂದ ಬಿ.ಎಡ್. ಎರಡು ವರ್ಷದ್ದಾದ ಕಾರಣ, ಮೂರು ವರ್ಷದ ಪದವಿ ಮುಗಿಸಿ ಬಿ.ಎಡ್. ಮಾಡುವವರಿಗೆ ಐದು ವರ್ಷ ಬೇಕು. ಇಲ್ಲಿ ಒಂದು ವರ್ಷದ ಖರ್ಚು ಉಳಿಯುತ್ತದೆ. ಬೋಧನೆಯ ಅಭ್ಯಾಸಕ್ಕೆ ಸಂಸ್ಥೆಯದೇ ಪ್ರಾತ್ಯಕ್ಷಿಕ ಶಾಲೆಯೂ ಇದೆ.

ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ. ಡೆನ್ಮಾರ್ಕ್ ಸರಕಾರದ ನೆರವಿನೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆ ಈಗ ರಾಜ್ಯದ ಹಲವೆಡೆ ಶಾಖೆಗಳನ್ನು ಹೊಂದಿದೆ. ಪ್ಲಾಸ್ಟಿಕ್ ಬಕೆಟ್‌ನಿಂದ ಹಿಡಿದು ಕಾರಿನ ಬಿಡಿಭಾಗದವರೆಗೆ ಎಲ್ಲಕ್ಕೂ ಬೇಕಾದ ಅಚ್ಚು ತಯಾರಿಸುವ ವಿದ್ಯೆ ಇಲ್ಲಿನ ಡಿಪ್ಲೊಮಾದ ತಿರುಳು.

ಈ ಮೂರರ ಅರ್ಜಿ ಮತ್ತು ಪ್ರವೇಶದ ವೇಳಾಪಟ್ಟಿ ಬೇರೆಬೇರೆ. ಸಿಇಟಿ ಫಲಿತಾಂಶ ಬರಲಿ ಎಂದು ಕಾದು ಕುಳಿತರೆ ಅರ್ಜಿಯ ಕೊನೆಯ ದಿನ ಕಳೆದುಹೋಗಿರುವ ಸಂಭವವೇ ಹೆಚ್ಚು.

ಮೀಸಲಾತಿ ಬಯಸುವವರು ಇನ್ನೊಂದು ಅಂಶ ಗಮನಿಸಬೇಕು. ಆಯಿಷ್, ಆರ್‌ಐಇಗಳು ಕೇಂದ್ರದ ಸಂಸ್ಥೆಗಳಾದ ಕಾರಣ ರಾಜ್ಯದ 2ಎ, 3ಬಿ ಮುಂತಾದ ಪ್ರವರ್ಗಗಳ ಪ್ರಮಾಣಪತ್ರ ಅಲ್ಲಿ ನಡೆಯದು. ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವೇ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಕೆಲವು ಜಾತಿಗಳು ಕೇಂದ್ರದ ಪಟ್ಟಿಯಲ್ಲಿಲ್ಲ. ತಹಸೀಲ್ದಾರರ ಕಚೇರಿಯಿಂದ ಇದನ್ನು ಪಡೆಯಲು ಸಮಯ ಹಿಡಿಯುವುದರಿಂದ, ದ್ವಿತೀಯ ಪಿಯುಸಿ ಪರೀಕ್ಷೆಗೆ ಮುನ್ನವೇ ಅರ್ಜಿ ಸಲ್ಲಿಸುವುದು ಲೇಸು.